ಹಡಗಿನಲ್ಲಿ ಯಾವ ಕೋಣೆ?

ಬೇಸಿಗೆ ರಜೆ ಎಂದರೆ ಊಟಿ, ಕೊಡೈಕೆನಾಲ್ ಎನ್ನುತ್ತಿದ್ದ ಮನೆಗಳಲ್ಲಿ ಈಗ ‘ಕ್ರೂಸ್’ ಎಂಬ ಮಾತು ಕೇಳಿಬರುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಓಡಾಟ ಆರಂಭಿಸಿತು. ಅಲ್ಲಿಂದೀಚೆಗೆ ಪಾಸ್‌ಪೋರ್ಟ್ ಇಲ್ಲದವರೂ ಸಮುದ್ರದ ಮೇಲೆ ಎರಡು ಮೂರು ರಾತ್ರಿ ಕಳೆದು ಬರುವಂತಾಯಿತು. ಇನ್ನು ಕೆಲವರು ಸಿಂಗಪುರದ ತನಕ ವಿಮಾನದಲ್ಲಿ ಹೋಗಿ ಅಲ್ಲಿಂದ ‘ಗೆಂಟಿಂಗ್ ಡ್ರೀಮ್’ನಂಥ ದೊಡ್ಡ ಹಡಗನ್ನು ಹತ್ತುತ್ತಾರೆ. ನಮ್ಮ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಆದರೆ ಅವು ಬರುವುದು ತಮ್ಮ ಪ್ರಯಾಣಿಕರನ್ನು ಇಳಿಸಿ ಊರು ತೋರಿಸಲು.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದೇ ವಿಷಯ ಕೇಳಲು ಬಂದಿದ್ದ. ಮೂರು ವರ್ಷದ ಮಗಳಿದ್ದಾಳೆ. ಗಂಡ ಹೆಂಡತಿ ಎರಡು ವರ್ಷ ಉಳಿಸಿದ ದುಡ್ಡಿದೆ. ಅವನ ತಾಯಿಗೆ ಮಾತ್ರ ಸುತರಾಂ ಇಷ್ಟವಿಲ್ಲ. ‘ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ನಾಲ್ಕು ಸಲ ವಾಂತಿ ಮಾಡುವ ಕೂಸನ್ನು ಸಮುದ್ರಕ್ಕೆ ಕರೆದುಕೊಂಡು ಹೋಗ್ತೀರಾ?’ ಎಂಬುದು ಅವರ ಪ್ರಶ್ನೆ. ‘ಸರ್, ಯಾವ ಹಡಗು ಒಳ್ಳೇದು?’ ಎಂದು ಅವನು ಕೇಳಿದ. ನನಗೆ ಅಜ್ಜಿಯ ಪ್ರಶ್ನೆಯೇ ಹೆಚ್ಚು ವೈಜ್ಞಾನಿಕವಾಗಿ ಕಂಡಿತು. ಅಲ್ಲಿಂದಲೇ ಆರಂಭಿಸೋಣ.

ಘಾಟಿಯಲ್ಲಿ ವಾಂತಿ ಏಕೆ ಬರುತ್ತದೆ? ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಆ ದ್ರವ ಕದಲಿ, ‘ನೀನು ತಿರುಗುತ್ತಿದ್ದೀಯೆ’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಆದರೆ ಮಗುವಿನ ಕಣ್ಣಿಗೆ ಕಾಣುವುದು ಎದುರಿನ ಸೀಟಿನ ಬೆನ್ನು ಮಾತ್ರ. ಅದು ಅಲ್ಲಾಡುತ್ತಿಲ್ಲ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಈ ಜಗಳದ ಫಲವೇ ಹೊಟ್ಟೆ ತೊಳೆಸುವುದು. ಎರಡು ವರ್ಷದೊಳಗಿನ ಕೂಸುಗಳಲ್ಲಿ ಈ ತೊಂದರೆ ವಿರಳ. ಎರಡರಿಂದ ಹನ್ನೆರಡರ ತನಕ ಹೆಚ್ಚು. ಹಾಗಾಗಿ ಅಜ್ಜಿಯ ಭಯ ನಿರಾಧಾರವಲ್ಲ. ಆದರೆ ಹಡಗು ಬಸ್ಸಿನಂತೆ ಅಲ್ಲಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅದು ಎಷ್ಟು ಅಲ್ಲಾಡುತ್ತದೆ ಎನ್ನುವುದು ಹಡಗಿನ ಉದ್ದ, ತಿಂಗಳು ಮತ್ತು ನೀವು ಆರಿಸುವ ಕೋಣೆ, ಈ ಮೂರನ್ನು ಅವಲಂಬಿಸಿದೆ.

ಮೊದಲು ಕೋಣೆಯ ಮಾತು. ಉದ್ಯಾನದಲ್ಲಿ ಮಕ್ಕಳು ಆಡುವ ಸೀಸಾ ಹಲಗೆಯನ್ನು ನೆನಪಿಸಿಕೊಳ್ಳಿ. ತುದಿಯಲ್ಲಿ ಕುಳಿತವರು ಮೇಲೆ ಕೆಳಗೆ ಹೋಗುತ್ತಾರೆ. ನಡುವಿನ ಆಧಾರದ ಬಳಿ ಕುಳಿತವನು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಾನೆ. ಹಡಗಿನ ಮೂತಿ ಎದ್ದು ಬೀಳುವಾಗಲೂ ಹೀಗೆಯೇ. ಇನ್ನು ಪಕ್ಕಕ್ಕೆ ತೂಗುವಾಗ ಎತ್ತರದ ಮಹಡಿಗಳಲ್ಲಿ ಇರುವವರು ಹೆಚ್ಚು ದೂರ ತೂಗುತ್ತಾರೆ, ತೆಂಗಿನ ಮರದ ಸುಳಿ ಬುಡಕ್ಕಿಂತ ಹೆಚ್ಚು ಓಲಾಡುವಂತೆ. ಆದುದರಿಂದ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಇರುವ ಕೋಣೆಯೇ ಹೊಟ್ಟೆಗೆ ಹಿತ. ತಮಾಷೆಯೆಂದರೆ ಇಂಥ ಕೋಣೆಗಳೇ ಸಾಮಾನ್ಯವಾಗಿ ಕಡಿಮೆ ಬೆಲೆಯವು. ಮೇಲಿನ ಮಹಡಿಯ, ಮುಂಭಾಗದ ದುಬಾರಿ ಕೋಣೆಯನ್ನು ಹಿಡಿದು ಕೂಸಿಗೆ ವಾಂತಿ ಮಾಡಿಸುವುದರಲ್ಲಿ ನನಗಂತೂ ಅರ್ಥ ಕಾಣದು.

ಬಾಲ್ಕನಿ ಬೇಕೇ? ಓಡಾಡುವ, ಹತ್ತುವ ವಯಸ್ಸಿನ ಮಗುವಿದ್ದರೆ ಬೇಡವೆಂದೇ ನನ್ನ ಅಭಿಪ್ರಾಯ. ಕಂಬಿಗಳ ಸಂದಿಯಲ್ಲಿ ಮಗು ತೂರಲಾರದು ಎಂದು ಕಂಪನಿಯವರು ಹೇಳುತ್ತಾರೆ. ಅದು ನಿಜವೇ. ಆದರೆ ಅಲ್ಲೊಂದು ಕುರ್ಚಿಯೂ ಇರುತ್ತದೆ. ಕುರ್ಚಿಯನ್ನು ಕಂಬಿಯ ಬಳಿಗೆ ಎಳೆದು ಹತ್ತುವ ಬುದ್ಧಿ ಮೂರು ವರ್ಷಕ್ಕೆ ಚೆನ್ನಾಗಿಯೇ ಬಂದಿರುತ್ತದೆ. ತೆರೆಯಲಾಗದ ದೊಡ್ಡ ಗಾಜಿನ ಕಿಟಕಿ ಇರುವ ಕೋಣೆ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು. ಹೊರಗಿನ ದಿಗಂತ ಕಂಡರೆ ಕಣ್ಣು ಕಿವಿಗಳ ಜಗಳವೂ ಅರ್ಧ ತೀರುತ್ತದೆ. ಕಿಟಕಿಯೇ ಇಲ್ಲದ ಒಳಗಿನ ಕೋಣೆಯಲ್ಲಿ ಮಗು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡೀತು. ಆದರೆ ತಲೆ ತಿರುಗಿದರೆ ಮೇಲಿನ ಬಯಲು ಡೆಕ್‌ಗೆ ಎತ್ತಿಕೊಂಡು ಓಡಬೇಕು.

ಇನ್ನು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯ ಮಾರುತ ಅರಬ್ಬೀ ಸಮುದ್ರವನ್ನು ಕಡೆಯುತ್ತದೆ. ಮಲ್ಪೆ, ಮಂಗಳೂರಿನ ಮೀನುಗಾರರು ಆಗ ದೋಣಿ ಎಳೆದಿಡುತ್ತಾರಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. 2023ರ ಜೂನ್‌ನಲ್ಲಿ ಎಂಪ್ರೆಸ್ ಹಡಗು ಚೆನ್ನೈಯಿಂದ ಶ್ರೀಲಂಕಾ ಕಡೆಗೆ ಹೊರಟದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು. ಪಶ್ಚಿಮದ ಗಾಳಿಗೆ ನಮ್ಮ ಭೂಭಾಗವೇ ಅಡ್ಡ ನಿಲ್ಲುವುದರಿಂದ ಆ ತಿಂಗಳುಗಳಲ್ಲಿ ತಮಿಳುನಾಡಿನ ಕರಾವಳಿ ನಮ್ಮದಕ್ಕಿಂತ ಶಾಂತ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಬಂಗಾಳ ಕೊಲ್ಲಿ ಚಂಡಮಾರುತಗಳ ತಾಣ. ಪಶ್ಚಿಮ ಕರಾವಳಿಯಲ್ಲಿ ಹೋಗುವುದಾದರೆ ಡಿಸೆಂಬರ್‌ನಿಂದ ಮಾರ್ಚ್ ತನಕದ ಅವಧಿ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಪರೀಕ್ಷೆ ಇಲ್ಲದ ವಯಸ್ಸಿನ ಮಗುವಿರುವವರಿಗೆ ಇದೊಂದು ಅನುಕೂಲ, ಏಪ್ರಿಲ್ ರಜೆಗೆ ಕಾಯಬೇಕಾಗಿಲ್ಲ.

ಹಡಗಿನ ಗಾತ್ರದ ಬಗ್ಗೆ ಜಾಹೀರಾತುಗಳಲ್ಲಿ ಬರುವ ಸಂಖ್ಯೆ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಎಂಪ್ರೆಸ್ 48,563 ಟನ್, ಗೆಂಟಿಂಗ್ ಡ್ರೀಮ್ ಸುಮಾರು ಒಂದೂವರೆ ಲಕ್ಷ ಟನ್ ಎಂದು ಓದಿ, ಅದು ಹಡಗಿನ ತೂಕವೆಂದು ತಿಳಿಯುವವರೇ ಹೆಚ್ಚು. ಅದು ತೂಕವಲ್ಲ. 1969ರ ಅಂತಾರಾಷ್ಟ್ರೀಯ ಒಪ್ಪಂದದಂತೆ ಹಡಗಿನ ಮುಚ್ಚಿದ ಜಾಗದ ಒಟ್ಟು ಘನಗಾತ್ರದಿಂದ ಲೆಕ್ಕ ಹಾಕಿದ ಅಂಕಿ ಅದು. ನಿಜವಾದ ತೂಕ ಬೇಕಾದರೆ ಆರ್ಕಿಮಿಡೀಸನನ್ನು ಕೇಳಬೇಕು: ಹಡಗು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳಿದೆಯೋ ಅಷ್ಟೇ ಅದರ ತೂಕ. ಆದರೂ ಈ ಜಾಹೀರಾತಿನ ಅಂಕಿಯಿಂದ ತಂದೆತಾಯಿಗಳಿಗೆ ಒಂದು ಉಪಯೋಗವುಂಟು. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಭಾಗಲಬ್ಧ ದೊಡ್ಡದಿದ್ದಷ್ಟೂ ತಲೆಗೆ ಸಿಗುವ ಜಾಗ ಹೆಚ್ಚು, ಊಟದ ಸಾಲಿನಲ್ಲಿ ನೂಕುನುಗ್ಗಲು ಕಡಿಮೆ. ಎರಡು ಹಡಗುಗಳನ್ನು ಹೋಲಿಸಲು ಇದಕ್ಕಿಂತ ಸರಳ ಲೆಕ್ಕ ನನಗೆ ಗೊತ್ತಿಲ್ಲ.

ದೊಡ್ಡ ಪ್ರವಾಸಿ ಹಡಗುಗಳ ಹೊಟ್ಟೆಯ ಎರಡೂ ಪಕ್ಕದಲ್ಲಿ ನೀರಿನೊಳಗೆ ಚಾಚುವ ರೆಕ್ಕೆಗಳಿರುತ್ತವೆ. ವಿಮಾನದ ರೆಕ್ಕೆಯ ತತ್ವವೇ ಇಲ್ಲಿಯೂ. ಹಡಗು ಬಲಕ್ಕೆ ವಾಲಿದರೆ ಬಲರೆಕ್ಕೆ ಮೇಲಕ್ಕೂ ಎಡರೆಕ್ಕೆ ಕೆಳಕ್ಕೂ ಒತ್ತುತ್ತದೆ. ಆದರೆ ನೀರು ರೆಕ್ಕೆಯ ಮೇಲೆ ಹರಿಯಬೇಕಾದರೆ ಹಡಗು ಓಡುತ್ತಿರಬೇಕು. ನಿಂತಾಗ ಇವುಗಳ ಉಪಯೋಗ ಅಷ್ಟಕ್ಕಷ್ಟೆ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದಡಕ್ಕೆ ಹೋಗಲಾಗದೆ ದೂರದಲ್ಲಿ ನಿಲ್ಲುತ್ತದೆ. ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸಿ ಕರೆದೊಯ್ಯುತ್ತಾರೆ. ಅಲೆ ಜೋರಿದ್ದರೆ ಆ ಇಳಿತವನ್ನೇ ರದ್ದು ಮಾಡುತ್ತಾರೆ. ಕಂಕುಳಲ್ಲಿ ಮಗು ಇರುವವರು ಮೊದಲ ಸಲಕ್ಕೆ ಹಡಗು ನೇರ ಕಟ್ಟೆಗೆ ತಾಗಿ ನಿಲ್ಲುವ ಬಂದರುಗಳ ಯಾನವನ್ನು ಆರಿಸುವುದು ಮೇಲು. ರಾತ್ರಿಗಳೂ ಎರಡು ಅಥವಾ ಮೂರು ಸಾಕು.

ಟಿಕೆಟ್ ಪಡೆಯುವ ಮುನ್ನ ವಯಸ್ಸಿನ ನಿಯಮ ಓದಿ. ಹೆಚ್ಚಿನ ಕಂಪನಿಗಳು ಆರು ತಿಂಗಳೊಳಗಿನ ಶಿಶುವನ್ನು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ದೀರ್ಘ ಯಾನಗಳಿಗೆ ಒಂದು ವರ್ಷ ತುಂಬಿರಬೇಕು. ಮಕ್ಕಳನ್ನು ನೋಡಿಕೊಳ್ಳುವ ಆಟದ ಕೋಣೆಗೆ ಸಾಮಾನ್ಯವಾಗಿ ಮೂರು ವರ್ಷವಾಗಿರಬೇಕು, ಡೈಪರ್ ಬಿಟ್ಟಿರಬೇಕು. ಡೈಪರ್ ತೊಟ್ಟ ಮಗುವನ್ನು ಅನೇಕ ಹಡಗುಗಳಲ್ಲಿ ಈಜುಕೊಳಕ್ಕೂ ಬಿಡುವುದಿಲ್ಲ. ಜಾಹೀರಾತಿನ ನೀರಾಟದ ಚಿತ್ರ ನೋಡಿ ದುಡ್ಡು ಕಟ್ಟಿದವರಿಗೆ ಇದು ಹಡಗಿನಲ್ಲಿ ಗೊತ್ತಾಗಬಾರದು. ಕೂಸು ಪುಟ್ಟದು, ನಮ್ಮ ಮಂಚದಲ್ಲೇ ಮಲಗುತ್ತದೆ, ಆಮೇಲೆ ಹೆಸರು ಸೇರಿಸಿದರಾಯಿತು ಎಂದುಕೊಳ್ಳಬೇಡಿ. ಲೈಫ್ ಬೋಟಿನ ಲೆಕ್ಕದಲ್ಲಿ ಕೂಸೂ ಒಂದು ತಲೆಯೇ. ವಿದೇಶಿ ಯಾನವಾದರೆ ಅದಕ್ಕೆ ಸ್ವಂತ ಪಾಸ್‌ಪೋರ್ಟ್ ಬೇಕು. ಹಡಗು ಹೊರಟ ದೇಶಕ್ಕೇ ಮರಳಿ ಬರುವುದರಿಂದ ಎರಡನೆಯ ಸಲ ಒಳಬರಲು ವೀಸಾದಲ್ಲಿ ಅವಕಾಶವಿದೆಯೇ ಎಂದೂ ನೋಡಬೇಕು. ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು ಇವೆಲ್ಲ ದರದೊಳಗೆ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ಸಮುದ್ರದ ಮಧ್ಯೆ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿಯೇ ಸೇರಿಕೊಂಡರೆ ಬಿಲ್ಲು ನೋಡಿ ನಿಮಗೇ ತಲೆಸುತ್ತು ಬಂದೀತು.

ಹಡಗಿನಲ್ಲಿ ವೈದ್ಯರಿರುತ್ತಾರೆ. ಆದರೆ ಅವರು ಮಕ್ಕಳ ತಜ್ಞರಾಗಿರುತ್ತಾರೆಂದು ನಂಬಿಕೊಳ್ಳಬಾರದು. ಅವರ ಶುಲ್ಕವೂ ಬೇರೆ. ವಾಂತಿಯ ಮಾತ್ರೆಯನ್ನು ಊರಲ್ಲೇ ಮಕ್ಕಳ ವೈದ್ಯರ ಬಳಿ ಬರೆಸಿಕೊಂಡು ಹೋಗಿ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ನಮ್ಮ ಮನೆಮನೆಯ ಪದ್ಧತಿ ಇಲ್ಲಿ ಅಪಾಯಕಾರಿ. ಪ್ರೊಮೆಥಝಿನ್ ಎಂಬ ಸಾಮಾನ್ಯ ಔಷಧವನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆಯಾದೀತು. ಇನ್ನೊಂದು ವಿಷಯ ನೊರೋವೈರಸ್. ಹಡಗಿನಂಥ ಮುಚ್ಚಿದ ಜಾಗದಲ್ಲಿ ವಾಂತಿಭೇದಿಯನ್ನು ಬೇಗ ಹರಡುವ ವೈರಸ್ ಇದು. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರಿಗೆ ಇದು ಅಷ್ಟಾಗಿ ಜಗ್ಗುವುದಿಲ್ಲ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತಿಕ್ಕಿ ತೊಳೆಯಬೇಕು. ಕೈ ತೊಳೆಯದೆ ಊಟಕ್ಕೆ ಕೂರಬೇಡ ಎಂಬ ಅಜ್ಜಿಯ ಮಾತು ಇಲ್ಲಿಯೂ ಗೆದ್ದಿತು ನೋಡಿ.

ಹತ್ತಿದ ಕೂಡಲೇ ಮಾಡಬೇಕಾದ ಒಂದು ಕೆಲಸವನ್ನು ಬಹಳ ಮಂದಿ ಬೇಸರದಿಂದ ಮಾಡುತ್ತಾರೆ. ಅದು ಸುರಕ್ಷತಾ ಕವಾಯತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹಡಗಿನಲ್ಲಿದ್ದವರು ಸುಮಾರು 2,200 ಜನ, ಲೈಫ್ ಬೋಟುಗಳಲ್ಲಿದ್ದ ಸ್ಥಳ 1,178 ಜನಕ್ಕೆ. ಆ ದುರಂತದ ಫಲವಾಗಿ 1914ರಲ್ಲಿ ಸಮುದ್ರಯಾನದ ಸುರಕ್ಷತೆಗೆ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ್ದ ನೂರಾರು ಮಂದಿಗೆ ಕವಾಯತು ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದನ್ನು ಮಾಡಲೇಬೇಕೆಂದು ನಿಯಮ ಬಂತು. ಅಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಮಗುವಿನ ಲೈಫ್ ಜಾಕೆಟ್ ಎಲ್ಲಿ? 15 ಕಿಲೋ ಒಳಗಿನ ಶಿಶುಗಳದ್ದು ಬೇರೆ, 15ರಿಂದ 43 ಕಿಲೋ ತನಕದ ಮಕ್ಕಳದ್ದು ಬೇರೆ. ದೊಡ್ಡವರದ್ದನ್ನು ಕೂಸಿಗೆ ತೊಡಿಸಿದರೆ ಅದು ಕೆಳಗಿನಿಂದ ಜಾರಿಹೋಗುತ್ತದೆ. 24 ಗಂಟೆ ಮೀರಿದ ಯಾನದಲ್ಲಿ ಪ್ರತಿ ಶಿಶುವಿಗೂ ತಕ್ಕ ಅಳತೆಯದ್ದು ಇರಲೇಬೇಕು. ಕೋಣೆಯಲ್ಲಿ ಇಟ್ಟಿಲ್ಲದಿದ್ದರೆ ಕೇಳಿ ತರಿಸಿ, ಒಮ್ಮೆ ತೊಡಿಸಿ ನೋಡಿ. ಏಳು ಸಲ ಗಿಡ್ಡ ಕೂಗು, ಒಂದು ಸಲ ಉದ್ದ ಕೂಗು: ಇದು ಅಪಾಯದ ಸೂಚನೆ. ಮಗುವಿಗೆ ಇದನ್ನು ಆಟದಂತೆ ಕಲಿಸಬಹುದು.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು: ಸಿಂಗಪುರ ಈಗ ಬೇಡ, ಜನವರಿಯಲ್ಲಿ ಮುಂಬೈಯಿಂದ ಎರಡು ರಾತ್ರಿ ಹೋಗಿ ಬಾ. ಅದಕ್ಕೂ ಮೊದಲು ಒಂದು ಭಾನುವಾರ ಮಗುವನ್ನು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ದೋಣಿಯಲ್ಲಿ ಕೂರಿಸು. ಸಣ್ಣ ದೋಣಿ ದೊಡ್ಡ ಹಡಗಿಗಿಂತ ಹೆಚ್ಚು ಕುಣಿಯುತ್ತದೆ. ಅದರಲ್ಲಿ ನಗುನಗುತ್ತಾ ಬಂದರೆ ಹಡಗಿನ ಬಗ್ಗೆ ಅಜ್ಜಿಗೂ ಸ್ವಲ್ಪ ಧೈರ್ಯ ಬಂದೀತು. ವಾಂತಿ ಮಾಡಿದರೆ ಎರಡು ವರ್ಷ ಕಾದರೆ ನಷ್ಟವಿಲ್ಲ, ಉಳಿಸಿದ ದುಡ್ಡು ಬ್ಯಾಂಕಿನಲ್ಲಿ ಬೆಳೆಯುತ್ತಿರಲಿ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮಲ್ಪೆಗೋ ಕಾರವಾರಕ್ಕೋ ಹೋದಾಗ ದಡದಿಂದ ದೂರ ನಿಂತು ಹತ್ತು ದೊಡ್ಡ ಅಲೆಗಳು ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರದಲ್ಲಿ ನೋಡಿ, ಹತ್ತರಿಂದ ಭಾಗಿಸಿ. ಅದು ಅಲೆಯ ಅವಧಿ. ಅಲೆ ದಡಕ್ಕೆ ಬರುತ್ತಾ ಅದರ ತರಂಗದೂರ ಕುಗ್ಗುತ್ತದೆ, ಅವಧಿ ಬದಲಾಗುವುದಿಲ್ಲ. ಆದುದರಿಂದ ಅವಧಿಯ ವರ್ಗವನ್ನು 1.56ರಿಂದ ಗುಣಿಸಿದರೆ ಆಳ ಸಮುದ್ರದಲ್ಲಿ ಆ ಅಲೆಯ ತರಂಗದೂರ ಮೀಟರುಗಳಲ್ಲಿ ಸಿಗುತ್ತದೆ. 8 ಸೆಕೆಂಡಾದರೆ ಸುಮಾರು 100 ಮೀಟರ್. 211 ಮೀಟರ್ ಉದ್ದದ ಎಂಪ್ರೆಸ್ ಅಂಥ ಎರಡು ಅಲೆಗಳ ಮೇಲೆ ಒಟ್ಟಿಗೇ ಮಲಗುತ್ತದೆ, ಹೆಚ್ಚು ಕದಲುವುದಿಲ್ಲ. 12 ಸೆಕೆಂಡಾದರೆ ಸುಮಾರು 225 ಮೀಟರ್. ಅಲೆ ಹೆಚ್ಚುಕಡಿಮೆ ಹಡಗಿನಷ್ಟೇ ಉದ್ದವಾಯಿತು. ಅಂಥ ಅಲೆ ಎತ್ತರವಾಗಿಯೂ ಎದ್ದರೆ ಹಡಗಿನ ಮೂತಿ ಎದ್ದು ಬೀಳುವುದು ಆಗಲೇ ಹೆಚ್ಚು.