ಮನೆಯ ಸರ್ವರ್‌ಗೂ ಒಂದು ವಿಳಾಸ ಬೇಕು

ಅನ್ನಪೂರ್ಣೇಶ್ವರಿ ನಗರ ಬಡಾವಣೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಒಂದು ಹಳೇ ಕಂಪ್ಯೂಟರ್ ಧೂಳು ತಿನ್ನುತ್ತಾ ಕೂತಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಳೇ ಪ್ರೊಸೆಸರನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಗುಜರಿಯವನನ್ನು ಕರೆಯುವ ಮೊದಲು ಅದಕ್ಕೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿ ನೋಡಿ. ಒಂದೇ ಸಾಲಿನ ಆಜ್ಞೆ ಕೊಟ್ಟರೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಂದು ಕೂರುತ್ತದೆ. ಮನೆಯ ವೈಫೈನಲ್ಲಿರುವ ಯಾವ ಮೊಬೈಲಿನಲ್ಲೂ ನಿಮ್ಮ ಪುಟ ತೆರೆಯುತ್ತದೆ.

ಯಾಕೆ ಬೇಕು ಇದೆಲ್ಲ ಎನ್ನುವಿರಿ. ಬಡಾವಣೆಯ ನೀರಿನ ವೇಳಾಪಟ್ಟಿ, ಗಣೇಶೋತ್ಸವದ ಲೆಕ್ಕ, ಮಾಹಿತಿ ಹಕ್ಕಿನಡಿ ಹೆಣಗಾಡಿ ಪಡೆದ ಉತ್ತರ ಎಲ್ಲವೂ ಈಗ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಗುಲಾಬಿಗಳ ಅಡಿ ಹೂತುಹೋಗುತ್ತಿವೆ. ಆರ್ಕುಟ್‌ನಲ್ಲಿ ಕನ್ನಡಿಗರು ವರ್ಷಗಟ್ಟಲೆ ನಡೆಸಿದ ಚರ್ಚೆಗಳು ನೆನಪಿವೆಯೇ? 2014ರ ಸೆಪ್ಟೆಂಬರ್ 30ಕ್ಕೆ ಕಂಪನಿ ಅದರ ಬಾಗಿಲು ಹಾಕಿತು. ಊರಿನ ಕಾಗದಪತ್ರ ಊರಲ್ಲೇ ಇರಲಿ ಅನ್ನುವುದು ನನ್ನ ಹಟ.

ಲಿನಕ್ಸ್ ಕಷ್ಟ ಎಂದು ಹೆದರಿಸುವವರನ್ನು ನಂಬಬೇಡಿ. ನಿಜವಾದ ಅಡ್ಡಿ ಗೋಡೆಯ ಆಚೆ, ಬ್ರಾಡ್‌ಬ್ಯಾಂಡ್ ತಂತಿಯಲ್ಲಿದೆ. ಅಂತರ್ಜಾಲದ ಹಳೇ ಮಾದರಿಯ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಹೊಸದಾಗಿ ಹಂಚಲು ಹೆಚ್ಚೇನೂ ಉಳಿದಿಲ್ಲ. ಅದಕ್ಕೆ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಪಿಜಿಯಲ್ಲಿ ಇದ್ದ ಹಾಗೆ: ಹೊರಗೆ ಹೋಗಲು ತೊಂದರೆಯಿಲ್ಲ, ನಿಮ್ಮನ್ನು ಹುಡುಕಿಕೊಂಡು ಬಂದವರಿಗೆ ಯಾವ ಕೋಣೆ ಎಂದು ಹೇಳುವವರಿಲ್ಲ. ಪರೀಕ್ಷೆ ಸುಲಭ. ರೂಟರಿನ ಪುಟದಲ್ಲಿ ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಇದ್ದರೆ ನೀವೂ ಪಿಜಿವಾಸಿಗಳೇ. ಈ ವಿಳಾಸಗಳ ಸಾಲನ್ನು 2012ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಟ್ಟರು. ಗ್ರಾಹಕ ಸೇವೆಗೆ ಫೋನ್ ಮಾಡಿ ಇದನ್ನು ಹೇಳಿದಾಗ ನನಗೆ ಸಿಕ್ಕ ಉತ್ತರ: "ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸಾರ್."

ಹೊಸ ಮಾದರಿಯ ಐಪಿವಿ6 ಇದ್ದರೆ ಮನೆಯ ಒಂದೊಂದು ಯಂತ್ರಕ್ಕೂ ಸ್ವಂತ ವಿಳಾಸ ಸಿಗುತ್ತದೆ. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಇದು ಚೆನ್ನಾಗಿ ಹರಡಿರುವುದರಿಂದ ನೋಡುವವರಿಗೂ ಹೆಚ್ಚು ತೊಡಕಿಲ್ಲ. ಇನ್ನೊಂದು ದಾರಿ, ಯಾವುದೋ ವಿದೇಶಿ ಕಂಪನಿಯ ಸುರಂಗದ ಮೂಲಕ ಪುಟವನ್ನು ಹೊರಗೆ ಕಳಿಸುವುದು. ಕೆಲಸವೇನೋ ಆಗುತ್ತದೆ. ಆದರೆ ಮತ್ತೆ ಪರರ ಹೊಸ್ತಿಲು.

ಕರೆಂಟಿನ ಲೆಕ್ಕವನ್ನೂ ಹಾಕಿ. 50 ವ್ಯಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ತಲೆಗೆ, ಆಮೇಲೆ ಮನೆಯಲ್ಲಿ ಮಾತು ಕೇಳುವುದು ನೀವೇ. ಹಳೇ ಲ್ಯಾಪ್‌ಟಾಪ್ ಆದರೆ ಇದಕ್ಕಿಂತ ಬಹಳ ಕಡಿಮೆ ಎಳೆಯುತ್ತದೆ, ಅದರ ಬ್ಯಾಟರಿಯೇ ಯುಪಿಎಸ್ ಕೂಡ. 5 ವ್ಯಾಟ್‌ನ ರಾಸ್‌ಬೆರಿ ಪೈ ತಿಂಗಳಿಗೆ 4 ಯೂನಿಟ್ ಮುಟ್ಟುವುದಿಲ್ಲ.

ಸರ್ವರಿನ ಬಾಗಿಲು ಹೊರಜಗತ್ತಿಗೆ ತೆರೆದ ಕೆಲವೇ ಹೊತ್ತಿನಲ್ಲಿ ಎಲ್ಲೆಲ್ಲಿಂದಲೋ ಬಾಟ್‌ಗಳು ಬಂದು ಚಿಲಕ ಅಲ್ಲಾಡಿಸುತ್ತವೆ. ಗಾಬರಿ ಬೇಡ, ಉದಾಸೀನವೂ ಬೇಡ. ಹೊರಜಗತ್ತಿಗೆ 80 ಮತ್ತು 443 ಎರಡೇ ಪೋರ್ಟ್ ತೆರೆಯಿರಿ. ಇನ್ನೊಂದು ಯಂತ್ರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬಿಟ್ಟು ಕೀಲಿ ಕಡತ ಬಳಸಿ. ಭದ್ರತಾ ಅಪ್‌ಡೇಟ್ ತಾನಾಗಿ ಆಗುವಂತೆ ಇಡಿ. ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ. ಅಕ್ಕಪಕ್ಕದವರ ಫೋನ್ ನಂಬರು, ಆಧಾರ್ ಪ್ರತಿ ಮಾತ್ರ ಆ ಯಂತ್ರದ ಹತ್ತಿರವೂ ಸುಳಿಯಬಾರದು.

ಮುಂದಿನ ಸಲ ಬ್ರಾಡ್‌ಬ್ಯಾಂಡ್ ನವೀಕರಿಸುವಾಗ ಎಷ್ಟು ಎಂಬಿಪಿಎಸ್ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಐಪಿವಿ6 ಕೊಡುತ್ತೀರಾ, ಒಳಬರುವ ಸಂಪರ್ಕಕ್ಕೆ ಅಡ್ಡಗಾಲು ಹಾಕುತ್ತೀರಾ ಎಂದೂ ಕೇಳಿ. ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.