ಮೂವತ್ತೆಂದರೆ ಮುನಿಸೇಕೆ?

ನಗರದ ಬೀದಿಗಳಲ್ಲಿ ವಾಹನಗಳ ವೇಗವನ್ನು ಗಂಟೆಗೆ ೩೦ ಕಿಲೋಮೀಟರಿಗೆ ಇಳಿಸಬೇಕು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಬೆಂಗಳೂರಿನಲ್ಲಿ ಮೊದಲು ಕೇಳಿಬರುವುದು ವಾದವಲ್ಲ, ನಗು. "ಮೂವತ್ತರಲ್ಲಿ ಹೋಗಲು ದಾರಿ ಸಿಕ್ಕಿದರೆ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸುತ್ತೇನೆ, ಸ್ವಾಮಿ!" ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ವಾಣಿಜ್ಯಶಾಸ್ತ್ರದ ಮಿತ್ರರೊಬ್ಬರು ಈ ಮಾತನ್ನು ಆಡಿದಾಗ ಎಲ್ಲರೂ ನಕ್ಕರು, ಚಹಾ ತಂದ ಹುಡುಗನೂ ನಕ್ಕ. ನಗು ಬರುವ ಮಾತೇ. ಆದರೆ ಆ ನಗುವಿನ ಮರೆಯಲ್ಲಿ ಒಂದು ಕುತರ್ಕ ಅಡಗಿ ಕುಳಿತಿದೆ. ಅದನ್ನು ಹೊರಕ್ಕೆಳೆಯದೆ ಬಿಡುವುದು ಸರಿಯಲ್ಲ.

ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯ ೨೦೨೪ರ ಲೆಕ್ಕದಂತೆ ಬೆಂಗಳೂರಿನಲ್ಲಿ ೧೦ ಕಿಲೋಮೀಟರು ಸಾಗಲು ಸರಾಸರಿ ೩೪ ನಿಮಿಷ ಹಿಡಿಯುತ್ತದೆ. ಎಂದರೆ ಗಂಟೆಗೆ ಹದಿನೇಳು ಹದಿನೆಂಟು ಕಿಲೋಮೀಟರು. ಗಟ್ಟಿ ಕಾಲಿನ ಹುಡುಗನೊಬ್ಬ ಸೈಕಲ್ಲು ತುಳಿಯುವ ವೇಗ. ಇದನ್ನೇ ಹಿಡಿದುಕೊಂಡು ಮಿತ್ರರು ಕೇಳುತ್ತಾರೆ: ಹದಿನೇಳರಲ್ಲಿ ತೆವಳುವವರಿಗೆ ಮೂವತ್ತರ ಮಿತಿ ಯಾತಕ್ಕೆ? ನಾನು ತಿರುಗಿ ಕೇಳುತ್ತೇನೆ: ಹದಿನೇಳರಲ್ಲೇ ತೆವಳುತ್ತಿರುವುದು ನಿಜವಾದರೆ ಮೂವತ್ತರ ಮಿತಿಯಿಂದ ತಮಗೆ ನಷ್ಟವೇನು? ಮುನಿಸೇಕೆ? ಊರೆಲ್ಲ ನಿಂತುಹೋಗಿದೆ ಎಂದೂ ಹೇಳಬೇಕು, ಮಿತಿ ಬಂದರೆ ಊರು ನಿಂತುಹೋಗುತ್ತದೆ ಎಂದೂ ಹೇಳಬೇಕು. ಎರಡನ್ನೂ ಒಂದೇ ಬಾಯಲ್ಲಿ ಹೇಳಬೇಕಾದರೆ ವಕೀಲಿಯಾದರೂ ಕಲಿತಿರಬೇಕು.

ಸರಾಸರಿ ಎಂಬುದೇ ಒಂದು ಮೋಸದ ಅಂಕಿ. ಸಿಗ್ನಲ್ಲಿನಲ್ಲಿ ನಾಲ್ಕು ನಿಮಿಷ ನಿಂತು, ಹಸಿರು ಬಿದ್ದೊಡನೆ ಮುಂದಿನ ಸಿಗ್ನಲ್ಲಿನವರೆಗೆ ಬಾಣದಂತೆ ಹಾರಿ, ಅಲ್ಲಿ ಮತ್ತೆ ನಾಲ್ಕು ನಿಮಿಷ ನಿಂತರೆ ಸರಾಸರಿ ಹದಿನೇಳೇ ಬರುತ್ತದೆ. ರಸ್ತೆ ದಾಟುವ ಮುದುಕನಿಗೆ ಬಡಿಯುವುದು ಸರಾಸರಿಯಲ್ಲ; ನಡುವಿನ ಆ ಹಾರಾಟ. ಇನ್ನು ರಾತ್ರಿ ಹನ್ನೊಂದರ ಮೇಲೆ, ಬೆಳಗಿನ ಐದರ ಹೊತ್ತಿಗೆ, ಇದೇ ರಸ್ತೆಗಳು ಬಯಲಾಗಿರುತ್ತವೆ. ಆಗ ಅಲ್ಲಿರುವವರು ಯಾರು? ಪೊರಕೆ ಹಿಡಿದ ಪೌರಕಾರ್ಮಿಕರು, ಹಾಲಿನವರು, ಈ ಪತ್ರಿಕೆಯನ್ನು ನಿಮ್ಮ ಬಾಗಿಲಿಗೆ ಎಸೆದು ಹೋಗುವ ಹುಡುಗರು, ಸಕ್ಕರೆ ಕಾಯಿಲೆಗೆ ಹೆದರಿ ನಡೆಯಲು ಹೊರಟ ನಿವೃತ್ತರು. ಇವರ ಪಾಲಿಗೆ ಬೆಂಗಳೂರು ತೆವಳುವ ಊರಲ್ಲ.

ಕಾನೂನು ಏನೆನ್ನುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದು. ಕೇಂದ್ರ ಸರ್ಕಾರ ೨೦೧೮ರ ಏಪ್ರಿಲಿನಲ್ಲಿ ಹೊರಡಿಸಿದ ಅಧಿಸೂಚನೆ ಪುರಸಭಾ ವ್ಯಾಪ್ತಿಯೊಳಗೆ ಕಾರುಗಳಿಗೆ ಕೊಟ್ಟ ಗರಿಷ್ಠ ಮಿತಿ ೭೦ ಕಿಲೋಮೀಟರು. ಮೋಟಾರು ಸೈಕಲ್ಲಿಗೆ ೬೦. ಎಪ್ಪತ್ತು! ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ, ಹೂವಿನ ಬುಟ್ಟಿಗಳ ನಡುವೆ, ಎಪ್ಪತ್ತು ಎಂಬುದನ್ನು ವಾಚಕರು ಮನಸ್ಸಿನಲ್ಲಿ ಒಮ್ಮೆ ಚಿತ್ರಿಸಿಕೊಂಡು ನೋಡಬೇಕು. ಆದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೧೧೨ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರವಾಗಲಿ, ಅದು ಅಧಿಕಾರ ಕೊಟ್ಟವರಾಗಲಿ ಸುರಕ್ಷತೆಯ ದೃಷ್ಟಿಯಿಂದ ಯಾವ ರಸ್ತೆಗೆ ಬೇಕಾದರೂ ಇದಕ್ಕಿಂತ ಕಡಮೆ ಮಿತಿ ಗೊತ್ತುಮಾಡಬಹುದು. ಫಲಕ ನೆಡಬೇಕು, ಅಷ್ಟೆ. ದೆಹಲಿಯ ಸಂಚಾರ ಪೊಲೀಸರು ೨೦೨೧ರಲ್ಲಿ ಬಡಾವಣೆಗಳ ಒಳರಸ್ತೆ, ಮಾರುಕಟ್ಟೆ, ಸರ್ವಿಸ್ ರಸ್ತೆಗಳಿಗೆ ೩೦ರ ಮಿತಿ ಹಾಕಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮೂವತ್ತೇ ಏಕೆ, ನಲವತ್ತೇಕಲ್ಲ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ನಾನು ಪದ್ಯ ಪಾಠ ಮಾಡುವವನು. ಆದರೂ ಈ ಲೆಕ್ಕ ಎಸ್.ಎಸ್.ಎಲ್.ಸಿ.ಯ ಆಚೆಗಿನದಲ್ಲ. ಕಣ್ಣು ಕಂಡದ್ದು ಬುದ್ಧಿಗೆ ಮುಟ್ಟಿ ಕಾಲು ಬ್ರೇಕಿನ ಮೇಲೆ ಬರಲು ಒಂದು ಸೆಕೆಂಡಾದರೂ ಬೇಕು. ಮೂವತ್ತರಲ್ಲಿ ಹೋಗುವ ಗಾಡಿ ಆ ಒಂದು ಸೆಕೆಂಡಿನಲ್ಲಿ ಎಂಟು ಮೀಟರು ಸಾಗಿ, ಒಳ್ಳೆಯ ಬ್ರೇಕಿದ್ದರೆ ಇನ್ನೈದು ಮೀಟರಿನಲ್ಲಿ ನಿಲ್ಲುತ್ತದೆ, ಒಟ್ಟು ಹದಿಮೂರು. ಐವತ್ತರಲ್ಲಿ ಹೋಗುವ ಗಾಡಿ ಆ ಮೊದಲ ಸೆಕೆಂಡಿನಲ್ಲೇ ಹದಿನಾಲ್ಕು ಮೀಟರು ಸಾಗಿಬಿಟ್ಟಿರುತ್ತದೆ. ಚೆಂಡಿನ ಹಿಂದೆ ಓಡಿಬಂದ ಮಗು ಹದಿನಾಲ್ಕು ಮೀಟರಿನ ದೂರದಲ್ಲಿದ್ದರೆ ಮೂವತ್ತರ ಗಾಡಿ ಮಗುವಿಗಿಂತ ಒಂದು ಮೀಟರು ಈಚೆ ನಿಲ್ಲುತ್ತದೆ, ಚಾಲಕ ಇಳಿದು ನಾಲ್ಕು ಬೈಗುಳ ಬೈಯುತ್ತಾನೆ, ತಾಯಿ ಬಂದು ಮಗುವಿನ ಬೆನ್ನಿಗೊಂದು ಕೊಟ್ಟು ಎಳೆದುಕೊಂಡು ಹೋಗುತ್ತಾಳೆ. ಐವತ್ತರ ಗಾಡಿ ಇನ್ನೂ ಬ್ರೇಕು ಹಿಡಿಯುವ ಮೊದಲೇ, ಐವತ್ತರ ವೇಗದಲ್ಲಿಯೇ, ಮಗುವನ್ನು ತಲುಪಿರುತ್ತದೆ. ಪೆಟ್ಟಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಐವತ್ತರ ಪೆಟ್ಟು ಮೂವತ್ತರದಕ್ಕಿಂತ ಒಂದೂಮುಕ್ಕಾಲಲ್ಲ, ಎರಡೂಮುಕ್ಕಾಲು ಪಟ್ಟು. ೨೦೨೦ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ನಾನಾ ದೇಶಗಳ ಮಂತ್ರಿಗಳು ಜನ ಮತ್ತು ವಾಹನ ಬೆರೆಯುವ ಕಡೆಗಳಲ್ಲಿ ೩೦ರ ಮಿತಿ ಇರಬೇಕೆಂದು ಘೋಷಿಸಿದ್ದು ಅಂಕಿಯ ಮೇಲಿನ ಮೋಹದಿಂದಲ್ಲ.

ಇಲ್ಲಿ ನನ್ನ ಕಸುಬಿಗೆ ಸಂಬಂಧಿಸಿದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂಗ್ಲಿಷಿನವರು ಇಂಥದನ್ನು ಆಕ್ಸಿಡೆಂಟ್ ಎನ್ನುತ್ತಾರೆ; ಆಕಸ್ಮಿಕ ಎಂದರ್ಥ, ಕಾರಣವಿಲ್ಲದೆ ಒದಗಿದ್ದು. ನಾವು ಅಪಘಾತ ಎನ್ನುತ್ತೇವೆ. ಘಾತವೆಂದರೆ ಹೊಡೆತ, ಕೊಲೆ. ಹೊಡೆತವಿದ್ದ ಮೇಲೆ ಹೊಡೆದವನೂ ಇರಬೇಕಷ್ಟೆ. ನಮ್ಮ ಮಾತು ಇಂಗ್ಲಿಷಿಗಿಂತ ಪ್ರಾಮಾಣಿಕವಾದದ್ದು; ಆದರೆ ಅದನ್ನು ಬಳಸುವ ನಾವು ಅಲ್ಲ. 'ಕಾರು ಡಿಕ್ಕಿ: ಪಾದಚಾರಿ ಸಾವು' ಎಂದು ತಲೆಬರಹ ಕೊಡುತ್ತೇವೆ. 'ನಿಯಂತ್ರಣ ತಪ್ಪಿದ ಕಾರು' ಎಂದು ಬರೆಯುತ್ತೇವೆ, ಕಾರಿಗೆ ಹುಚ್ಚು ಹಿಡಿದಂತೆ. ವಾಕ್ಯದಲ್ಲಿ ಕರ್ತೃಪದವೇ ನಾಪತ್ತೆ. ವ್ಯಾಕರಣದ ಪರೀಕ್ಷೆಯಲ್ಲಾದರೆ ಇದಕ್ಕೆ ಸೊನ್ನೆ. ಮನುಷ್ಯ ಬದುಕಿರುವಷ್ಟು ಕಾಲ ಅವನು ಮೇಷ್ಟ್ರು, ಗುಮಾಸ್ತೆ, ಅಜ್ಜಿ, ಸೊಪ್ಪು ಮಾರುವವಳು. ಗಾಡಿ ತಗುಲಿದ ಮರುಕ್ಷಣ 'ಪಾದಚಾರಿ'. ನಮ್ಮ ಕಾಲೇಜಿನ ಅಂತಿಮ ವರ್ಷದ ಹುಡುಗಿಯೊಬ್ಬಳು ಗೇಟಿನ ಎದುರಿನ ರಸ್ತೆಯಲ್ಲಿ ಹೀಗೆ ಪಾದಚಾರಿಯಾದಳು. ಬದುಕಿದಳು, ಎಂಟು ತಿಂಗಳ ಮೇಲೆ ಕೋಲೂರಿಕೊಂಡು ತರಗತಿಗೆ ಬಂದಳು. ಸುದ್ದಿಯಲ್ಲಿ ಅವಳು 'ಏಕಾಏಕಿ ರಸ್ತೆ ದಾಟಲು ಹೋದ' ವಿದ್ಯಾರ್ಥಿನಿ. ಗಾಡಿ ಎಷ್ಟು ವೇಗದಲ್ಲಿತ್ತೆಂಬ ಮಾತು ಆ ಮೂರು ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ.

ಸಾಯುವವರು ಯಾರೆಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ೭೪,೮೯೭ ಜನ ದ್ವಿಚಕ್ರದವರು. ೩೨,೮೨೫ ಜನ ನಡೆದು ಹೋಗುತ್ತಿದ್ದವರು. ಅದೇ ಲೆಕ್ಕದಂತೆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತೊಂದಕ್ಕೆ ಅತಿವೇಗವೇ ಕಾರಣ. ಇದರಲ್ಲಿ ಹೆದ್ದಾರಿಯ ಪಾಲು ದೊಡ್ಡದು, ಒಪ್ಪಿದೆ. ಆದರೆ ವೇಗದ ಮಿತಿಯ ಚರ್ಚೆ ನಡೆಯುವಾಗ ಈ ನಡೆಯುವವರ ಕಡೆಯಿಂದ ಮಾತಾಡುವವರು ಯಾರೂ ಇರುವುದಿಲ್ಲ. ಕುಳಿತು ವಾದಿಸುವವರೆಲ್ಲ ಕಾರಿನವರು.

'ನಮ್ಮ ಜನ ಎಲ್ಲಿ ಪಾಲಿಸುತ್ತಾರೆ, ಬಿಡಿ!' ಇದು ಎರಡನೆಯ ವಾದ. ನಗೆಯ ನಂತರದ ನಿಟ್ಟುಸಿರು. ತಾವು ಪಾಲಿಸುವುದಿಲ್ಲ ಎಂಬುದನ್ನೇ 'ನಮ್ಮ ಜನ' ಎಂಬ ಹೊದಿಕೆಯಲ್ಲಿ ಸುತ್ತಿ ಹೇಳುವ ಜಾಣತನ ಇದರಲ್ಲಿದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ೨೦೨೩ರ ಮಾರ್ಚಿನಲ್ಲಿ ತೆರೆದಾಗ ಸಾವಿನ ಮೇಲೆ ಸಾವಾಯಿತು. ಅದೂ ನಮ್ಮ ಜನರ ಹಣೆಬರಹ ಎಂದರು. ಆ ಆಗಸ್ಟಿನಿಂದ ದ್ವಿಚಕ್ರ ವಾಹನ, ಆಟೋಗಳನ್ನು ಅಲ್ಲಿಂದ ಹೊರಗಿಟ್ಟರು. ವೇಗ ಅಳೆಯುವ ಕ್ಯಾಮರಾ ಇಟ್ಟರು. ದಂಡದ ಚೀಟಿ ಮನೆಗೆ ಬರತೊಡಗಿತು. ೨೦೨೪ರ ಹೊತ್ತಿಗೆ ಸಾವಿನ ಸಂಖ್ಯೆ ಬಹಳ ಇಳಿಯಿತು. ಎಲ್ಲವೂ ಕ್ಯಾಮರಾದ ಪ್ರತಾಪವೆಂದು ನಾನು ಹೇಳುವುದಿಲ್ಲ. ಆದರೆ ನೂರು ಎಂಬ ಫಲಕ ಕಂಡೊಡನೆ ಕಾಲು ಸಡಿಲಿಸಿದವರೂ ಇದೇ ನಮ್ಮ ಜನವೇ. ಅವರನ್ನು ಹೊರದೇಶದಿಂದ ತರಿಸಿರಲಿಲ್ಲ.

ನಿಜ ಹೇಳಬೇಕಾದರೆ ನಮ್ಮ ಜನ ಈ ವಿಷಯದಲ್ಲಿ ಯಾವಾಗಲೋ ತೀರ್ಪು ಕೊಟ್ಟಾಗಿದೆ. ಆ ತೀರ್ಪಿನ ಹೆಸರು ಹಂಪ್. ಒಂದು ಬೀದಿಯಲ್ಲಿ ಮಗುವೊಂದಕ್ಕೆ ಗಾಡಿ ತಗುಲಿದರೆ ಸಂಜೆಯೊಳಗೆ ಬೀದಿಯವರೆಲ್ಲ ಸೇರುತ್ತಾರೆ, ಗಲಾಟೆಯಾಗುತ್ತದೆ, ರಾತ್ರಿ ಬೆಳಗಾಗುವುದರಲ್ಲಿ ಅಲ್ಲೊಂದು ಹಂಪ್ ಎದ್ದಿರುತ್ತದೆ. ಬಿಳಿ ಬಣ್ಣವಿಲ್ಲ, ಫಲಕವಿಲ್ಲ, ಅಳತೆಯಿಲ್ಲ; ಕೆಲವು ಕಡೆ ಅದು ಗುಡ್ಡ, ಕೆಲವು ಕಡೆ ಗೋಡೆ. ಇಂಥ ಸಾವಿರಾರು ಹಂಪುಗಳನ್ನು ಎಬ್ಬಿಸಿಕೊಂಡಿರುವ ಊರು 'ನಮಗೆ ನಿಧಾನ ಬೇಡ' ಎಂದು ಹೇಳುತ್ತಿದೆಯೆ? ಕೇಳುವವರಿಲ್ಲದ ಜನ ತಮ್ಮ ಕಾಯಿದೆಯನ್ನು ಕಾಗದದ ಮೇಲೆ ಬರೆಯಲಾರದೆ ಡಾಂಬರಿನಲ್ಲಿ ಬರೆದಿದ್ದಾರೆ. ಅದರ ಶಿಕ್ಷೆ ಮಾತ್ರ ಅನುಭವಿಸುವವರು ಬೇರೆ: ಬಸ್ಸಿನ ಹಿಂದಿನ ಸೀಟಿನ ಅಜ್ಜಿ, ಆಂಬುಲೆನ್ಸಿನಲ್ಲಿ ಮಲಗಿರುವ ರೋಗಿ, ಆಟೋದಲ್ಲಿ ಆಸ್ಪತ್ರೆಗೆ ಹೊರಟ ಬಸುರಿ. ಮಿತಿಯೊಂದು ಇದ್ದು ಅದಕ್ಕೆ ಬೆಲೆಯಿದ್ದಿದ್ದರೆ ಇವರ ಬೆನ್ನು ಮುರಿಯಬೇಕಾಗಿರಲಿಲ್ಲ.

ಪರದೇಶದ ಉದಾಹರಣೆ ಕೊಟ್ಟರೆ ಕೆಲವರಿಗೆ ಮೈ ಉರಿಯುತ್ತದೆ. ಆದರೂ ಒಂದೆರಡನ್ನು ಕೊಡುವೆ. ವೇಗದ ಮಿತಿಯೇ ಬೇಡ, ಸಭ್ಯರು ತಾವೇ ತಿಳಿದು ನಡೆಯುತ್ತಾರೆ ಎಂದು ನಂಬಿದ ಇಂಗ್ಲೆಂಡು ೧೯೩೦ರಲ್ಲಿ ಕಾರುಗಳ ಮಿತಿಯನ್ನು ತೆಗೆದುಹಾಕಿತು. ೧೯೩೪ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು ೭,೩೪೩. ಆಗ ಅಲ್ಲಿ ಇದ್ದ ವಾಹನಗಳು ಇಂದಿನವುಗಳ ಮುಂದೆ ಬೆರಳೆಣಿಕೆಯಷ್ಟು. ೧೯೩೫ರಲ್ಲಿ ಜನವಸತಿಯ ಕಡೆಗಳಲ್ಲಿ ಗಂಟೆಗೆ ೩೦ ಮೈಲಿಯ ಮಿತಿಯನ್ನು ಮತ್ತೆ ತರಬೇಕಾಯಿತು. ಸಭ್ಯತೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅದೇ ನಾಡಿನ ವೇಲ್ಸ್ ಪ್ರಾಂತ ೨೦೨೩ರ ಸೆಪ್ಟೆಂಬರಿನಲ್ಲಿ ಇಂಥ ರಸ್ತೆಗಳ ಮಿತಿಯನ್ನು ೩೦ರಿಂದ ೨೦ ಮೈಲಿಗೆ, ಎಂದರೆ ೩೨ ಕಿಲೋಮೀಟರಿಗೆ, ಇಳಿಸಿತು. ಮೂವತ್ತು ಲಕ್ಷ ಚಿಲ್ಲರೆ ಜನಸಂಖ್ಯೆಯ ಆ ನಾಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ರುಜುಗಳು ಇದರ ವಿರುದ್ಧ ಬಿದ್ದವು. ನಮ್ಮ ವೇಗವಾದಿಗಳು ಇದನ್ನು ಉತ್ಸಾಹದಿಂದ ಎತ್ತಿ ತೋರಿಸುತ್ತಾರೆ. ಆಮೇಲಿನದನ್ನು ಹೇಳುವುದಿಲ್ಲ: ಆ ರಸ್ತೆಗಳಲ್ಲಿ ಗಾಯಗೊಂಡವರ, ಸತ್ತವರ ಒಟ್ಟು ಸಂಖ್ಯೆ ಸುಮಾರು ಕಾಲುಭಾಗ ಇಳಿಯಿತು. ಜನರ ಆಕ್ಷೇಪಣೆಯಲ್ಲಿ ಹುರುಳಿದ್ದ ಕಡೆ, ಕೆಲವು ರಸ್ತೆಗಳನ್ನು ಹಿಂದಿನ ಮಿತಿಗೆ ಮರಳಿಸಲು ೨೦೨೪ರಲ್ಲಿ ದಾರಿ ಮಾಡಿಕೊಟ್ಟರು. ಪ್ಯಾರಿಸ್ ನಗರ ೨೦೨೧ರ ಆಗಸ್ಟಿನಲ್ಲಿ ಬಹುಪಾಲು ಬೀದಿಗಳಿಗೆ ೩೦ ಎಂದಿತು. ಕೆಲವು ದೊಡ್ಡ ಮಾರ್ಗಗಳನ್ನು ಬಿಟ್ಟುಕೊಟ್ಟಿತು. ನಾನು ಕೇಳುವುದೂ ಇಷ್ಟನ್ನೇ. ಹೊರವರ್ತುಲ ರಸ್ತೆಯಲ್ಲಿ, ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಮೂವತ್ತು ಎಂದು ನಾನು ಹೇಳಿದರೆ ನೀವು ನಗಬಹುದು.

'ಮೊದಲು ಫುಟ್‌ಪಾತ್ ಮಾಡಿಸಿ, ಆಮೇಲೆ ಮಿತಿ' ಎನ್ನುವವರ ಮಾತಿಗೆ ಮಾತ್ರ ಬೆಲೆ ಕೊಡಬೇಕು. ಫುಟ್‌ಪಾತ್ ಆಗಲೇಬೇಕು. ಆದರೆ ಅದು ಟೆಂಡರು, ಗುದ್ದಲಿ, ಕೇಬಲ್ಲಿನವರು, ಮತ್ತೆ ಗುದ್ದಲಿ ಎಂದು ವರ್ಷಗಟ್ಟಲೆ ಹಿಡಿಯುವ ಕೆಲಸ. ಮಿತಿಗೆ ಬೇಕಾದದ್ದು ಒಂದು ಅಧಿಸೂಚನೆ, ನಾಲ್ಕು ಫಲಕ, ಒಂದು ಕ್ಯಾಮರಾ. ಫುಟ್‌ಪಾತ್ ಇಲ್ಲದ್ದರಿಂದ ಜನ ರಸ್ತೆಗೆ ಇಳಿದು ನಡೆಯುತ್ತಿದ್ದಾರಷ್ಟೆ? ಹಾಗಾದರೆ ವೇಗ ಇಳಿಯಬೇಕಾದ ಅಗತ್ಯ ಅಲ್ಲಿಯೇ ಹೆಚ್ಚು, ಕಡಮೆಯಲ್ಲ. ಮನೆಗೆ ಮಾಡು ಹೊದೆಸುವ ತನಕ ಕೊಡೆ ಹಿಡಿಯಬಾರದೆನ್ನುವ ನ್ಯಾಯ ಯಾವ ಶಾಸ್ತ್ರದಲ್ಲಿದೆ?

ಬೀದಿ ಎಂಬ ಮಾತನ್ನು ನಾವು ಮರೆತಿದ್ದೇವೆ; ಎಲ್ಲವೂ ರಸ್ತೆಯಾಗಿದೆ. ರಸ್ತೆ ಹೋಗುವುದಕ್ಕೆ, ಬೀದಿ ಇರುವುದಕ್ಕೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಕೂಡಿದಾಗ ಬಸವನ ದೇವಸ್ಥಾನದ ಆ ಉದ್ದ ರಸ್ತೆ ಮತ್ತೆ ಬೀದಿಯಾಗುತ್ತದೆ. ಗಾಡಿಗಳು ಸುತ್ತಿ ಹೋಗುತ್ತವೆ. ಊರೇನೂ ಹಸಿದು ಸಾಯುವುದಿಲ್ಲ. ನಮ್ಮ ತೇರುಗಳನ್ನೇ ನೋಡಿ: ಸಾವಿರ ಜನ ಹಗ್ಗ ಹಿಡಿದು ಎಳೆಯುತ್ತಿದ್ದರೂ ಗಾಲಿಯ ಬಳಿ ಮರದ ತುಂಡು ಹಿಡಿದು, ವೇಗ ಮಿಕ್ಕರೆ ಅಡ್ಡ ಕೊಡಲು, ಒಬ್ಬ ನಿಂತೇ ಇರುತ್ತಾನೆ. ದೇವರ ರಥಕ್ಕೇ ಈ ಮಿತಿ ಇರುವಾಗ, ಕಂತಿನ ಮೇಲೆ ತಂದ ಕಾರಿಗೆ ಏನು ಅವಮಾನ?

ಉಳಿದದ್ದು ಕಾಲದ ಪ್ರಶ್ನೆ. ಐದು ಕಿಲೋಮೀಟರಿನ ದಾರಿಯನ್ನು ಎಲ್ಲಿಯೂ ನಿಲ್ಲದೆ ಐವತ್ತರಲ್ಲಿ ಸಾಗಿದರೆ ಆರು ನಿಮಿಷ, ಮೂವತ್ತರಲ್ಲಿ ಹತ್ತು. ಎಲ್ಲಿಯೂ ನಿಲ್ಲದೆ ಐದು ಕಿಲೋಮೀಟರು ಹೋಗುವ ಭಾಗ್ಯ ಬೆಂಗಳೂರಿನಲ್ಲಿ ಮಂತ್ರಿಗಳಿಗಷ್ಟೇ ಉಂಟು. ಉಳಿದವರಿಗೆ ಆ ನಾಲ್ಕು ನಿಮಿಷ ಒಂದೋ ಎರಡೋ ಆಗಿ, ಮುಂದಿನ ಸಿಗ್ನಲ್ಲಿನಲ್ಲಿ ಕರಗಿಹೋಗುತ್ತದೆ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆಗೆ ಬರಲಿಲ್ಲವೆಂದು ಸ್ಕೂಟರಿನ ಹುಡುಗನಿಗೆ ಒಂದು ನಕ್ಷತ್ರ ಕಡಮೆ ಕೊಟ್ಟು, ಸಂಜೆ ಅದೇ ಹುಡುಗರ ಅತಿವೇಗವನ್ನು ಖಂಡಿಸಿ ಸಂಪಾದಕರಿಗೆ ಪತ್ರ ಬರೆಯುವ ಗೃಹಸ್ಥರು ನಮ್ಮ ನಡುವೆ ಕಡಮೆ ಇಲ್ಲ. ಅವನ ಅವಸರದ ಬಡ್ಡಿ ತಿನ್ನುವವರು ಯಾರು?

೨೦೨೫ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಐದರಲ್ಲಿ ಒಂದಾದರೂ ಪಾಲಿಕೆ ಸಂಚಾರ ಪೊಲೀಸರೊಡನೆ ಕುಳಿತು ಒಂದೇ ಒಂದು ಬಡಾವಣೆಯನ್ನು ಆರಿಸಲಿ: ಒಂದು ಶಾಲೆ, ಒಂದು ಮಾರುಕಟ್ಟೆ, ಒಂದು ಆಸ್ಪತ್ರೆ ಇರುವಂಥದು. ೧೧೨ನೆಯ ಕಲಮಿನಡಿ ಒಂದು ವರ್ಷಕ್ಕೆ ೩೦ರ ಮಿತಿ ಹಾಕಲಿ. ಹಂಪುಗಳನ್ನು ಕಿತ್ತು ಅಳತೆಯವನ್ನು ಹಾಕಲಿ. ಹಿಂದಿನ ವರ್ಷದ ಗಾಯ ಸಾವುಗಳ ಲೆಕ್ಕವನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕದಲ್ಲಿ ಪ್ರಕಟಿಸಲಿ. ಪ್ರಯಾಣದ ನಿಮಿಷಗಳನ್ನೂ ಅಳೆಯಲಿ. ನಮ್ಮ ವಾಣಿಜ್ಯಶಾಸ್ತ್ರದ ಮಿತ್ರರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಆ ಅಂಕಿಗಳನ್ನು ತಾಳೆ ನೋಡಲು ಅವರನ್ನೇ ಕರೆಯಲಿ, ನನ್ನ ಆಕ್ಷೇಪಣೆ ಇಲ್ಲ.