ಹೆಬ್ಬೆಟ್ಟಿಗೆ ಸಿಕ್ಕ ಕಾವಲು

ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಹೆಬ್ಬೆಟ್ಟು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಹೆಬ್ಬೆಟ್ಟು, ಊರಿಗೆ ಬರುವ ಬ್ಯಾಂಕ್ ಮಿತ್ರರ ಬಳಿ ದುಡ್ಡು ತೆಗೆಯಲೂ ಹೆಬ್ಬೆಟ್ಟು. ಹ್ಯಾಂಡ್‌ಪೋಸ್ಟ್, ಹುಣಸೂರು, ಪಿರಿಯಾಪಟ್ಟಣದ ಕಡೆ ರೈತರ ಬದುಕು ಇದಕ್ಕೇ ಒಗ್ಗಿಹೋಗಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲಿಂದೀಚೆಗೆ ಆ ಹೆಬ್ಬೆಟ್ಟಿಗೆ ಎಂಥ ರಕ್ಷಣೆ ಸಿಕ್ಕಿತು?

ತಂತ್ರಜ್ಞರು ತಮ್ಮ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆಧಾರ್ ದೃಢೀಕರಣದಲ್ಲಿ ಬೆರಳಚ್ಚನ್ನು 256 ಬಿಟ್‌ನ ಎಇಎಸ್ ಕೀಲಿಯಿಂದ ಗೂಢಲಿಪಿಗೆ ಇಳಿಸುತ್ತಾರೆ. ಆ ಕೀಲಿಯನ್ನೂ 2048 ಬಿಟ್‌ನ ಆರ್‌ಎಸ್‌ಎ ಕೀಲಿಯಿಂದ ಮುಚ್ಚಿ ಕಳಿಸುತ್ತಾರೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೊಸಿಪ್ ಎಂಬ ಗುರುತಿನ ತಂತ್ರಾಂಶ ಯೋಜನೆ ತನ್ನ ಎನ್‌ಕ್ರಿಪ್ಷನ್ ಕೋಡನ್ನು ಎಲ್ಲರೂ ಓದುವಂತೆ ತೆರೆದಿಟ್ಟಿದೆ. ಫಿಲಿಪೀನ್ಸ್, ಮೊರಾಕ್ಕೊ ದೇಶಗಳ ಗುರುತಿನ ವ್ಯವಸ್ಥೆಗೆ ಅದೇ ಆಧಾರ. ಕನ್ನಡ ನೆಲದ ಈ ಕೆಲಸ ನಮಗೆ ಹೆಮ್ಮೆಯದು.

ಆದರೆ ಕೋಡ್ ತೆರೆದಿಟ್ಟ ಮಾತ್ರಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಎಲ್ಲರಿಗೂ ತೆರೆದಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಕೋಡ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ದೋಷ ಎರಡು ವರ್ಷ ಅಡಗಿದ್ದು 2014ರಲ್ಲಿ ಬಯಲಾಯಿತು. ಗಣಿತ ಸೋತಿರಲಿಲ್ಲ, ಬಂದ ಸಂದೇಶದ ಉದ್ದವನ್ನು ತಾಳೆ ನೋಡುವ ಒಂದು ತಪಾಸಣೆ ತಪ್ಪಿಹೋಗಿತ್ತು. ಹಾಗಾಗಿ ಒಳ್ಳೆಯ ಪರೀಕ್ಷಕರು ಸರಿಯಾದ ಕೀಲಿಗೆ ಸರಿಯಾದ ಉತ್ತರ ಬಂತೆಂದು ಸುಮ್ಮನಾಗುವುದಿಲ್ಲ. ಗೂಢಲಿಪಿಯ ಒಂದೇ ಒಂದು ಬಿಟ್ ತಿರುಚಿ ಕೊಡುತ್ತಾರೆ; ಲೈಬ್ರರಿ ಅದನ್ನು ಬಿಡಿಸದೆ ತಳ್ಳಿಹಾಕಬೇಕು. ಅರ್ಧ ಬಿಡಿಸಿ ತೋರಿಸಿತೋ, ಆ ಲೈಬ್ರರಿ ನಪಾಸು.

ಇಷ್ಟೆಲ್ಲ ಇದ್ದೂ 2023ರಲ್ಲಿ ನಮ್ಮ ರಾಜ್ಯದಲ್ಲೇ ಜನರ ಖಾತೆಗಳು ಬರಿದಾದವು. ಕಳ್ಳರು ಗೂಢಲಿಪಿಯ ತಂಟೆಗೇ ಹೋಗಲಿಲ್ಲ. ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಬಟಾಬಯಲಾಗಿದ್ದವು. ಆ ಗುರುತನ್ನು ನಕಲು ಮಾಡಿ ಸಿಲಿಕಾನ್ ಬೆರಳು ತಯಾರಿಸಿದರು. ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಒಟಿಪಿಯ ಗೊಡವೆಯೇ ಇಲ್ಲದೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ಎಳೆಯುವ ದಾರಿ ತೆರೆದೇ ಇತ್ತು. ಬೆರಳಚ್ಚನ್ನು ಮರೆಮಾಚಲು ನೋಂದಣಿ ಇಲಾಖೆ ಮುಂದಾದದ್ದು ಆಮೇಲೆ. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೆ?

ಲೈಬ್ರರಿಗೆ ನಡೆಯುವ ಕಟ್ಟುನಿಟ್ಟಿನ ಪರೀಕ್ಷೆ ಕಚೇರಿಯ ಸ್ಕ್ಯಾನರ್‌ಗೂ, ಜೆರಾಕ್ಸ್ ಪ್ರತಿಗೂ ನಡೆಯಲೇಬೇಕು. ಸರ್ಕಾರ ಇದನ್ನು ಕಡ್ಡಾಯ ಮಾಡಲಿ. ಓದುಗರು ಅಷ್ಟರವರೆಗೆ ಕಾಯಬೇಕಿಲ್ಲ: ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ, ಪಡಿತರಕ್ಕೆ ಹೋಗುವಾಗ ತೆರೆಯಿರಿ. ಮನೆಯ ಹಿರಿಯರಿಗೂ ಮಾಡಿಕೊಡಿ.